ಏಳು ಜನ, ಎಂಟು ಬ್ಯಾಗು, ಒಂದು ವ್ಯಾನು: ಪ್ರೇಗ್‌ನಿಂದ ವಿಯೆನ್ನಾಗೆ ನಾವು ಹೋದ ರೀತಿ

ಟ್ರೈನ್ ಇರುವಾಗ ಡ್ರೈವರ್ ಸಮೇತ ಗಾಡಿ ಮಾಡಿಕೊಂಡು ಹೋಗೋದು ದಂಡ ಅಂತ ನನಗೆ ಹೇಳದವರೇ ಇಲ್ಲ. ಸ್ಟುಟ್‌ಗಾರ್ಟ್‌ನಲ್ಲಿರುವ ನನ್ನ ಭಾವಮೈದನಂತೂ ಫೋನಿನಲ್ಲೇ ನಕ್ಕುಬಿಟ್ಟ. "ಭಾವಾ, ಇದೇನು ಧಾರವಾಡದಿಂದ ಬೆಂಗಳೂರಿಗೆ ಇನ್ನೋವಾ ಮಾಡಿದಂಗ ಅನ್ಕೊಂಡೀರೇನು? ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ!" ಅಂದ. ಆಫೀಸಿನಲ್ಲಿ ವರ್ಷಕ್ಕೊಂದು ಸಲ ಯುರೋಪ್ ಸುತ್ತಿ ಬರುವ ಗೆಳೆಯರು ರೈಲಿನ ಟೈಮ್‌ಟೇಬಲ್ ಕಳಿಸಿದರು. ನಾಲ್ಕು ಗಂಟೆ, ಒಂದೇ ಟ್ರೈನು, ಬದಲಾವಣೆ ಇಲ್ಲ, ಕಾಫಿ ಸಿಗುತ್ತೆ. ಎಲ್ಲ ನಿಜ. ಆದರೆ ಅವರು ಹೋಗೋದು ಗಂಡ–ಹೆಂಡತಿ, ಬೆನ್ನಿಗೊಂದು ಬ್ಯಾಗು. ನನ್ನ ಲೆಕ್ಕ ಬೇರೆ. ಅಪ್ಪ, ಅಮ್ಮ, ಮಾವ, ಅತ್ತೆ, ನಾವಿಬ್ಬರು, ಎಂಟು ವರ್ಷದ ಮಗಳು. ಹಿರಿಯರು ನಾಲ್ವರೂ ಎಪ್ಪತ್ತರ ಆಸುಪಾಸು. ಬೀಗರಿಬ್ಬರನ್ನೂ ಒಂದೇ ಗಾಡಿಯಲ್ಲಿ ಕೂರಿಸಿ ಒಂದು ದಿನ ಪೂರ್ತಿ ಕರೆದುಕೊಂಡು ಹೋಗಿದ್ದೇನೆ, ಜಗಳ ಆಗಿಲ್ಲ. ಅದೊಂದಕ್ಕೇ ನನಗೆ ಸನ್ಮಾನ ಮಾಡಬೇಕು.

ಮೊದಲು ಸೋತ ಕತೆ ಹೇಳ್ತೀನಿ.

2018ರಲ್ಲಿ ಇದೇ ಪ್ರೇಗ್–ವಿಯೆನ್ನಾ ದಾರಿಯಲ್ಲಿ ರೈಲ್‌ಜೆಟ್ ಅನ್ನೋ ವೇಗದ ಟ್ರೈನಿನಲ್ಲಿ ಹೋಗಿದ್ದೆವು. ಮಗಳು ಆಗ ಕಂಕುಳಲ್ಲಿ. ಜೊತೆಗೆ ಅಪ್ಪ, ಅಮ್ಮ, ಐದು ಬ್ಯಾಗು, ಒಂದು ತಳ್ಳೋ ಗಾಡಿ. ಸೀಟು ಕಾದಿರಿಸೋದು ಕಡ್ಡಾಯ ಅಲ್ಲ ಅಂತ ಓದಿ, ತಲೆಗೆ ಮೂರು ಯೂರೋ ಉಳಿಸೋಕೆ ಹೋಗಿ ಕಾದಿರಿಸಲೇ ಇಲ್ಲ. ಪ್ರೇಗ್‌ನ ಮುಖ್ಯ ಸ್ಟೇಷನ್‌ನಲ್ಲಿ ಯಾವ ಪ್ಲಾಟ್‌ಫಾರ್ಮ್ ಅಂತ ಬೋರ್ಡಿನಲ್ಲಿ ಬರೋದು ಗಾಡಿ ಹೊರಡೋಕೆ ಸ್ವಲ್ಪ ಮುಂಚೆ. ಬಂದ ಕೂಡಲೇ ಇಡೀ ಜನ ಒಂದೇ ಕಡೆ ಓಡುತ್ತೆ. ಅಪ್ಪನ ಮೊಣಕಾಲು ಓಡಲಿಲ್ಲ. ನಾವು ಹತ್ತೋ ಹೊತ್ತಿಗೆ ಸೀಟು ಅಲ್ಲೊಂದು ಇಲ್ಲೊಂದು. ಅಮ್ಮ ಒಂದು ಬೋಗಿ, ಅಪ್ಪ ಇನ್ನೊಂದು ಬೋಗಿ. ನಾನು ನಾಲ್ಕು ಗಂಟೆ ಬಾಗಿಲ ಹತ್ತಿರ ಬ್ಯಾಗು ಕಾಯ್ತಾ ನಿಂತಿದ್ದೆ. ಅದಕ್ಕೂ ಮುಂಚೆ ಹಳೇ ಊರಿನ ಕಲ್ಲು ಹಾಸಿದ ಬೀದಿಯಲ್ಲಿ ಎಳೆದು ಎಳೆದು ದೊಡ್ಡ ಸೂಟ್‌ಕೇಸಿನ ಒಂದು ಚಕ್ರ ಕಿತ್ತುಹೋಗಿತ್ತು. ವಿಯೆನ್ನಾದಲ್ಲಿ ಇಳಿದ ಮೇಲೆ ಅಮ್ಮ ಒಂದೇ ಮಾತು ಹೇಳಿದಳು. "ಹಟ್ಟಿ–ರಾಯಚೂರು ಬಸ್ಸೇ ಚಲೋ."

ಎರಡನೇ ಸಲ, 2023ರಲ್ಲಿ, ಬುದ್ಧಿ ಬಂದು ವ್ಯಾನ್ ಮಾಡಿದೆ. ವಿಯೆನ್ನಾದಿಂದ ಬುಡಾಪೆಸ್ಟ್, 240–250 ಕಿ.ಮೀ. ಆಗ ಅಪ್ಪ, ಅಮ್ಮ, ಅಕ್ಕ, ನಾವು ಮೂವರು. ಸಿಕ್ಕ ಕೊಟೇಶನ್‌ಗಳಲ್ಲಿ ಕಡಿಮೆ ಯಾವುದೋ ಅದನ್ನೇ ಹಿಡಿದೆ. 230 ಯೂರೋ. "ಎಂಟು ಜನರ ವ್ಯಾನ್, ಲಗೇಜ್ ಸಮೇತ" ಅಂತ ಬರೆದಿದ್ದರು. ಬೆಳಿಗ್ಗೆ ಹೋಟೆಲ್ ಮುಂದೆ ವ್ಯಾನ್ ಬಂತು. ಎಂಟು ಜನ ಕೂರಬಹುದು, ಸುಳ್ಳಲ್ಲ. ಆದರೆ ಹಿಂದೆ ಡಿಕ್ಕಿಯಲ್ಲಿ ಮೂರು ಸೂಟ್‌ಕೇಸ್ ಇಟ್ಟರೆ ಬಾಗಿಲು ಮುಚ್ಚಲ್ಲ. ನಮ್ಮ ಹತ್ತಿರ ಆರು ದೊಡ್ಡವು. ಅರ್ಧ ಗಂಟೆ ಇಟ್ಟು ತೆಗೆದು ಮಾಡಿ, ಕೊನೆಗೆ ಎರಡನೇ ಕಾರು ಕರೆಸಿದರು. ಅದಕ್ಕೆ 160 ಯೂರೋ, ಕ್ಯಾಶ್. ಅಲ್ಲಿಗೆ 390.

ಇನ್ನೂ ಇದೆ. ಆ ವ್ಯಾನಿನ ಸೀಟುಗಳು ಎದುರುಬದುರು. ಫೋಟೋದಲ್ಲಿ ನೋಡೋಕೆ ಬಲು ಚೆಂದ, ನಡುವೆ ಮಡಚೋ ಟೇಬಲ್ ಬೇರೆ. ಅಮ್ಮ ಹಿಮ್ಮುಖವಾಗಿ ಕೂತಳು. ಹಂಗೇರಿ ಗಡಿ ದಾಟೋ ಮುಂಚೆಯೇ ವಾಂತಿ. ಮಗಳನ್ನು ಎತ್ತರಕ್ಕೆ ಕೂರಿಸೋ ಬೂಸ್ಟರ್ ಸೀಟು ಇರಲಿಲ್ಲ. ಕೇಳಿದರೆ ಡ್ರೈವರ್ "ನೋ ಪ್ರಾಬ್ಲಮ್" ಅಂದ. ಪೊಲೀಸರು ಹಿಡಿದಿದ್ದರೆ ಯಾರಿಗೆ ಪ್ರಾಬ್ಲಮ್ ಆಗ್ತಿತ್ತು ಅಂತ ನೀವೇ ಯೋಚಿಸಿ. ಗಾಡಿ ಮಾಡೋದು ಕೆಟ್ಟದ್ದು ಅಂತ ಮನೆಯಲ್ಲಿ ಎಲ್ಲರೂ ತೀರ್ಪು ಕೊಟ್ಟುಬಿಟ್ಟರು. ನನಗೆ ಮಾತ್ರ ಬೇರೆ ಥರ ಅನಿಸಿತು. ಕೆಟ್ಟದ್ದು ಗಾಡಿಯಲ್ಲ, ನಾನು ಕೇಳದೇ ಬಿಟ್ಟ ಪ್ರಶ್ನೆಗಳು.

ಹಾಗಾಗಿ ಈ ಸಲ, ಅಂದರೆ 2025ರ ಮೇ ತಿಂಗಳ ಪ್ರವಾಸಕ್ಕೆ, ಫೆಬ್ರವರಿಯಲ್ಲೇ ಕೂತೆ. ಐದು ಕಡೆ ಬರೆದೆ. ಬರೆಯೋದರಲ್ಲೇ ಒಂದು ಸಣ್ಣ ಪ್ರಯೋಗ ಮಾಡಿದೆ. ಇಬ್ಬರಿಗೆ "ಟೂರ್ ಬೇಕು, ಪ್ರೇಗ್‌ನಿಂದ ಹೊರಟು ಎರಡು ಊರು ನೋಡಿಕೊಂಡು ವಿಯೆನ್ನಾಗೆ" ಅಂತ ಬರೆದೆ. ಉಳಿದ ಮೂವರಿಗೆ "ಟ್ರಾನ್ಸ್‌ಫರ್ ಬೇಕು, ದಾರಿಯಲ್ಲಿ ಎರಡು ಕಡೆ ನಿಲ್ಲಿಸಬೇಕು" ಅಂತ. ಅದೇ ದಾರಿ, ಅದೇ ಗಾಡಿ, ಅದೇ ದಿನ. ಟೂರ್ ಅಂದವರಿಗೆ 700ರ ಮೇಲೆ ಬಂತು. ಟ್ರಾನ್ಸ್‌ಫರ್ ಅಂದವರಿಗೆ 450ರಿಂದ 520ರ ಒಳಗೆ. ಒಂದು ಪದಕ್ಕೆ ಇನ್ನೂರು ಯೂರೋ ಅಲ್ವಾ. ಟ್ರಾನ್ಸ್‌ಫರ್ ಅಂದರೆ ಊರಿಂದ ಊರಿಗೆ ಬಿಡೋದಷ್ಟೇ, ಟೂರ್ ಅಂದರೆ ಗೈಡ್ ಥರ ಮಾತಾಡೋರು ಬರ್ತಾರೆ. ನಮಗೆ ಮಾತಾಡೋರು ಬೇಕಾಗಿರಲಿಲ್ಲ, ಗಾಡಿಯೊಳಗೇ ನಾಲ್ವರು ಇದ್ದರು.

ನಮ್ಮ ಕಡೆ ಗಾಡಿ ಮಾಡೋ ಲೆಕ್ಕ ಅಲ್ಲಿ ಹಿಡಿಯಬೇಡಿ. ಇಲ್ಲಿ ಕಿಲೋಮೀಟರಿಗಿಷ್ಟು, ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್, ಡ್ರೈವರ್ ಬಾಟಾ, ಟೋಲ್ ಬೇರೆ. ಅಲ್ಲಿ ಊರಿಂದ ಊರಿಗೆ ಒಟ್ಟು ರೇಟು. ಡೀಸೆಲ್, ಹೆದ್ದಾರಿಯ ವಿನ್ಯೆಟ್ (ಟೋಲ್ ಚೀಟಿ), ಡ್ರೈವರ್ ವಾಪಸ್ ಖಾಲಿ ಹೋಗೋ ಖರ್ಚು ಎಲ್ಲ ಅದರೊಳಗೇ. ದುಡ್ಡು ಬೆಳೆಯೋದು ನಿಲ್ಲಿಸಿದ ಹೊತ್ತಿನ ಮೇಲೆ. ಹೋಟೆಲ್ ಮುಂದೆ ಕಾಯೋಕೆ ಹದಿನೈದು ನಿಮಿಷ ಪುಕ್ಕಟೆ, ಆಮೇಲೆ ಮೀಟರ್ ಓಡುತ್ತೆ. ನಡುವಿನ ಊರಿನಲ್ಲಿ ಗಂಟೆಗೆ ಇಷ್ಟು. ಇದನ್ನು ಬರಹದಲ್ಲಿ ತಗೊಳ್ಳದೆ ಹೊರಟರೆ ವಿಯೆನ್ನಾದಲ್ಲಿ ಇಳಿಯುವಾಗ ಮುಖ ಮುಖ ನೋಡಬೇಕಾಗುತ್ತೆ.

ಐವರಿಗೂ ಒಂದೇ ಪ್ರಶ್ನೆಪತ್ರಿಕೆ ಕಳಿಸಿದೆ. ಬರೋ ಗಾಡಿ ಯಾವ ಉದ್ದದ್ದು? ಸೀಟು ಎಲ್ಲ ಮುಂದಕ್ಕೆ ಮುಖ ಮಾಡಿರಬೇಕು, ಆಗುತ್ತಾ? ಕೊನೇ ಸಾಲಿನ ಸೀಟು ಹಾಕಿದ ಮೇಲೆ ಡಿಕ್ಕಿಯ ಅಗಲ, ಆಳ ಎಷ್ಟು ಸೆಂಟಿಮೀಟರ್? 128 ಸೆಂ.ಮೀ. ಎತ್ತರದ ಹುಡುಗಿಗೆ ಬೂಸ್ಟರ್ ಇದೆಯಾ? ಪ್ರೇಗ್ ಇರೋ ಚೆಕ್ ದೇಶದಲ್ಲಿ 150 ಸೆಂ.ಮೀ. ಮತ್ತು 36 ಕೆ.ಜಿ. ಒಳಗಿನ ಮಕ್ಕಳಿಗೆ ಸೀಟು ಬೇಕು, ವಿಯೆನ್ನಾ ಇರೋ ಆಸ್ಟ್ರಿಯಾದಲ್ಲಿ 135 ಸೆಂ.ಮೀ. ಮುಟ್ಟೋವರೆಗೆ ಬೇಕು. ನನ್ನ ಮಗಳು ಎರಡೂ ಕಡೆ ಸಿಕ್ಕಿಬೀಳ್ತಾಳೆ. ಐವರಲ್ಲಿ ಇಬ್ಬರು ಎಲ್ಲ ಪ್ರಶ್ನೆಗೂ ಸೇರಿಸಿ ಒಂದೇ ಸಾಲಿನಲ್ಲಿ "ನೋ ಪ್ರಾಬ್ಲಮ್ ಸರ್" ಅಂತ ಬರೆದರು. ಅವರನ್ನು ಅಲ್ಲೇ ಕೈಬಿಟ್ಟೆ. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಟೇಪ್ ಹಿಡಿದು ಡಿಕ್ಕಿ ಅಳೆದ ಫೋಟೋ ಕಳಿಸಿದರು. ಅವರೇ ಅಂತ ಅವತ್ತೇ ನಿರ್ಧಾರ ಆಯಿತು.

ವ್ಯಾನ್ ಮರ್ಸಿಡಿಸ್ ವಿ–ಕ್ಲಾಸ್. ಇದರಲ್ಲಿ ಮೂರು ಉದ್ದ ಬರುತ್ತೆ ಅನ್ನೋದು ನನಗೆ ಬುಡಾಪೆಸ್ಟ್ ದಾರಿಯಲ್ಲಿ ಪೆಟ್ಟು ತಿಂದ ಮೇಲೆ ಗೊತ್ತಾಗಿದ್ದು. ಗಿಡ್ಡದ್ದು 4.9 ಮೀಟರ್ ಹತ್ತಿರ, ನಡುವಿನದು 5.14, ಉದ್ದದ್ದು 5.37. ಮೂರರ ಹೆಸರೂ ಒಂದೇ, ಹೊರಗಿನಿಂದ ನೋಡಿದರೆ ಮೂರೂ ಅಣ್ಣತಮ್ಮಂದಿರ ಥರ. ಆದರೆ ನಡುವಿನದಕ್ಕೂ ಉದ್ದದ್ದಕ್ಕೂ ಇರೋ ಆ 23 ಸೆಂ.ಮೀ. ಡಿಕ್ಕಿಗೆ ಸಿಗಬಹುದು. ನಿಮ್ಮ ಬ್ಯಾಗು ಗಾಡಿಗೆ ಹೋಗುತ್ತಾ, ಎರಡನೇ ಕಾರು ಕರೆಸಬೇಕಾ ಅನ್ನೋದು ಅಷ್ಟರಲ್ಲೇ ತೀರ್ಮಾನ. ಇನ್ನೊಂದು, ಆ ಸೀಟುಗಳನ್ನು ಬಿಚ್ಚಿ ತಿರುಗಿಸಿ ಹಾಕೋಕೆ ಬರುತ್ತೆ. ಭಾರ ಜಾಸ್ತಿ, ಹಾಗಾಗಿ ಡ್ರೈವರ್‌ಗೆ ಬೇಜಾರು. ಹಿಂದಿನ ದಿನವೇ ಹೇಳಿದರೆ ಮಾಡ್ತಾರೆ, ಬಾಗಿಲ ಮುಂದೆ ನಿಂತು ಹೇಳಿದರೆ ಮಾಡಲ್ಲ.

ಅಳತೆ ಬಂದ ಮೇಲೆ ಬೆಂಗಳೂರಿನ ಮನೆಯ ಹಾಲ್‌ನಲ್ಲಿ ಡಿಕ್ಕಿ ಬರೆಸಿದೆ. ಅಮ್ಮ ರಂಗೋಲಿ ಪುಡಿ ತಂದು ನೆಲದ ಮೇಲೆ ಗೆರೆ ಎಳೆದಳು. ಅಗಲ ಸುಮಾರು 120, ಆಳ 70ರ ಹತ್ತಿರ. ಅದರೊಳಗೆ ಬ್ಯಾಗು ಜೋಡಿಸೋ ಆಟ ಶುರು. 28 ಇಂಚಿನ ಸೂಟ್‌ಕೇಸ್ ನಿಲ್ಲಿಸಿದರೆ ದಪ್ಪ 30 ಸೆಂ.ಮೀ. ಹಾಗಾಗಿ ಪಕ್ಕಪಕ್ಕ ನಾಲ್ಕು ನಿಲ್ಲುತ್ತೆ, ಐದನೆಯದು ಜಪ್ಪಯ್ಯ ಅಂದರೂ ಇಲ್ಲ. ಮೇಲೆ ಕ್ಯಾಬಿನ್ ಬ್ಯಾಗು ನಾಲ್ಕು ಮಲಗಿಸಬಹುದು. ಅಂದರೆ ಏಳು ಜನಕ್ಕೆ ನಾಲ್ಕು ದೊಡ್ಡದು, ನಾಲ್ಕು ಚಿಕ್ಕದು, ಮುಗೀತು. ಅತ್ತೆ ತಮ್ಮ ದೊಡ್ಡ ಪೆಟ್ಟಿಗೆ ಬಿಡೋಕೆ ಒಪ್ಪಲಿಲ್ಲ. ರಂಗೋಲಿಯೊಳಗೆ ಇಟ್ಟು ತೋರಿಸಿದೆ. ಗೆರೆ ದಾಟಿ ಒಂದು ಗೇಣು ಹೊರಗೆ ಬಂತು. ಮಾತಾಡದೆ ಒಳಗೆ ಹೋಗಿ ಎರಡು ಸೀರೆ, ಒಂದು ಹೊದಿಕೆ ತೆಗೆದರು. ಬಾಯಿಮಾತಲ್ಲಿ ಹೇಳಿದ್ದರೆ ಒಂದು ವಾರ ಬೇಕಾಗ್ತಿತ್ತು.

ದಾರಿ ಹೇಗೆ ಆರಿಸಿದೆ ಅನ್ನೋದು ಮುಖ್ಯ. ಎಲ್ಲರೂ ಹೋಗೋದು ಡಿ1 ಹೆದ್ದಾರಿ ಹಿಡಿದು ಬ್ರ್ನೊ, ಅಲ್ಲಿಂದ ಮಿಕುಲೋವ್, ಆಮೇಲೆ ಆಸ್ಟ್ರಿಯಾದ ಎ5. ಸುಮಾರು 330 ಕಿ.ಮೀ. ವೇಗವಾಗಿ ಹೋಗಬಹುದು, ಆದರೆ ನೋಡೋಕೆ ಲಾರಿ ಬಿಟ್ಟರೆ ಬೇರೆ ಇಲ್ಲ. ನಾನು ಹಿಡಿದದ್ದು 38ನೇ ನಂಬರ್ ರಸ್ತೆ. ಪ್ರೇಗ್‌ನಿಂದ ಕುಟ್ನಾ ಹೋರಾ ತಲುಪಿ, ಅಲ್ಲಿಂದ ಹಾವ್ಲಿಚ್ಕೂವ್ ಬ್ರಾಡ್, ಯಿಹ್ಲಾವಾ, ಸ್ವಲ್ಪ ಪಕ್ಕಕ್ಕೆ ಹೋಗಿ ಟೆಲ್ಚ್, ಮತ್ತೆ 38ಕ್ಕೆ ಬಂದು ಝ್ನೋಯ್ಮೊ, ಗಡಿ, ವಿಯೆನ್ನಾ. ಒಟ್ಟು 360 ಕಿ.ಮೀ. ಆಸುಪಾಸು. ಡ್ರೈವರ್‌ಗೆ ಮೂವತ್ತು ಕಿಲೋಮೀಟರ್ ಜಾಸ್ತಿ, ನಮಗೆ ಎರಡು ಊರು. ನಿಜ ಹೇಳಬೇಕಂದರೆ ಈ ರೂಟ್ ಹಾಕಿದ್ದು ಮ್ಯಾಪ್ ಅಲ್ಲ, ಅಪ್ಪನ ಸಕ್ಕರೆ ಕಾಯಿಲೆ. ಒಂದೂವರೆ ಗಂಟೆಗೊಮ್ಮೆ ಇಳಿಯಲೇಬೇಕು. ಈ ದಾರಿಯಲ್ಲಿ ಅದಕ್ಕೆ ಸರಿಯಾಗಿ ಊರು ಸಿಗುತ್ತೆ. ಟ್ರೈನಿನಲ್ಲಿ ಈ ತಾಪತ್ರಯ ಇಲ್ಲ, ಶೌಚಾಲಯ ಒಳಗೇ ಇರುತ್ತೆ. ಆ ಒಂದು ಅಂಕ ಟ್ರೈನಿಗೆ ಕೊಡಲೇಬೇಕು. ಪೆಟ್ರೋಲ್ ಬಂಕ್‌ಗಳಲ್ಲಿ ಕೆಲವು ಕಡೆ ಶೌಚಾಲಯಕ್ಕೆ 10–20 ಕೊರುನಾ (ಚೆಕ್ ದುಡ್ಡು) ನಾಣ್ಯ ಹಾಕಬೇಕು. ಅತ್ತೆ ಹತ್ತರ ನಾಣ್ಯಗಳನ್ನೆಲ್ಲ ಕೂಡಿಸಿ ತಮ್ಮ ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಿದ್ದರು. ಗಾಡಿ ನಿಂತಾಗಲೆಲ್ಲ ಬಾಗಿಲಲ್ಲಿ ನಿಂತು ತಲೆಗೊಂದು ಹಂಚೋದು. ಎಲ್ಲರ ಬೆರಳೂ ಕೆಂಪು.

ಪ್ರೇಗ್‌ನಲ್ಲಿ ಮನೆ ಹಿಡಿದದ್ದು ಹಳೇ ಊರಿನಲ್ಲಲ್ಲ, ವಿನೊಹ್ರಾಡಿ ಅನ್ನೋ ಬಡಾವಣೆಯಲ್ಲಿ. ಬಾಗಿಲವರೆಗೆ ವ್ಯಾನ್ ಬರುತ್ತೆ, ಲಿಫ್ಟ್ ಇದೆ, ಬಾಡಿಗೆಯೂ ಕಡಿಮೆ. 2018ರ ಚಕ್ರ ಕಲಿಸಿದ ಪಾಠ.

ಇಲ್ಲಿ ಒಂದು ಅಡ್ಡಕತೆ. ತುಪ್ಪ ಹಾಲಿನ ಪದಾರ್ಥ. ಮಾಂಸ, ಹಾಲಿನ ಪದಾರ್ಥ ಎರಡನ್ನೂ ನಮ್ಮ ದೇಶದಿಂದ ಯುರೋಪಿಯನ್ ಒಕ್ಕೂಟದೊಳಗೆ ಕೈಯಲ್ಲಿ ಒಯ್ಯೋ ಹಾಗಿಲ್ಲ. ಅಮ್ಮನಿಗೆ ಚಟ್ನಿಪುಡಿ, ಅನ್ನ, ತುಪ್ಪ ಇಲ್ಲದೆ ಹೊತ್ತು ಹೋಗಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ ಮಾಸ್ಲೊ ಅಂತ ಬರೆದ ಬೆಣ್ಣೆ ನಾಲ್ಕು ಕಟ್ಟು ತಂದು ಕಾಯಿಸೋಕೆ ಇಟ್ಟೆವು. ಮೊದಲ ಸಲ ಹೊಗೆ ಅಲಾರಂ ಹೊಡೆದುಕೊಂಡು ಪಕ್ಕದ ಮನೆಯವರು ಬಂದರು. ಎರಡನೇ ಸಲ ಕಿಟಕಿ ತೆಗೆದು, ಸಣ್ಣ ಉರಿಯಲ್ಲಿ. ಒಂದು ಕಿಲೋ ಬೆಣ್ಣೆಗೆ ಮುಕ್ಕಾಲು ಕಿಲೋ ಮೇಲೆ ತುಪ್ಪ ಬಂತು. ಪರಿಮಳ ನಮ್ಮ ಎಮ್ಮೆ ತುಪ್ಪದಷ್ಟಿಲ್ಲ, ಮರಳು ಮಾತ್ರ ಚೆನ್ನಾಗಿ ಕಟ್ಟಿತು. ಅಂಗಡಿಯ ಗಾಜಿನ ಜಾಡಿಯಲ್ಲಿ ತುಂಬಿ ವಿಯೆನ್ನಾವರೆಗೆ ಒಯ್ದೆವು. ವಿಮಾನವಾಗಿದ್ದರೆ ಚೆಕ್–ಇನ್ ಬ್ಯಾಗಿಗೆ ಹಾಕಿ ದೇವರ ಮೇಲೆ ಭಾರ ಹಾಕಬೇಕಿತ್ತು.

ಹೊರಟ ದಿನಕ್ಕೆ ಬರ್ತೀನಿ. ಎಂಟಕ್ಕೆ ಹೇಳಿದ್ದೆ, ಗಾಡಿ ಏಳು ಐವತ್ತಕ್ಕೇ ನಿಂತಿತ್ತು. ಡ್ರೈವರ್ ಐವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಇಂಗ್ಲಿಷ್ ಅಳೆದು ತೂಗಿ. ಬ್ಯಾಗು ಮುಟ್ಟೋಕೆ ನಮ್ಮನ್ನು ಬಿಡಲಿಲ್ಲ. ನಾನು ಮೊಬೈಲಿನಲ್ಲಿ ರಂಗೋಲಿ ಡಿಕ್ಕಿಯ ಫೋಟೋ ತೋರಿಸಿದೆ. ಯಾವ ಬ್ಯಾಗು ಎಲ್ಲಿ ಅಂತ ನಂಬರ್ ಹಾಕಿದ್ದೆ. ಒಂದು ನಿಮಿಷ ನೋಡಿದರು, ನಕ್ಕರು, ಅದೇ ಥರ ಜೋಡಿಸಿದರು. ನಾಲ್ಕು ನಿಮಿಷ. ಬಾಗಿಲು ಟಪ್ ಅಂತ ಮುಚ್ಚಿತು. ಆ ಶಬ್ದಕ್ಕೆ ನನಗೆ ಆದ ಸಂತೋಷ ಆಮೇಲೆ ಕುಟ್ನಾ ಹೋರಾದ ಸೇಂಟ್ ಬಾರ್ಬರಾ ಚರ್ಚು ನೋಡಿದಾಗಲೂ ಆಗಲಿಲ್ಲ.

ಗಾಡಿಯೊಳಗೆ ತಿನ್ನೋ ಹಾಗಿಲ್ಲ ಅಂತ ಮೊದಲೇ ಬರೆದಿದ್ದರು. ಮಾವ ಹತ್ತು ನಿಮಿಷಕ್ಕೇ ಚಕ್ಕುಲಿ ಡಬ್ಬಿ ತೆಗೆದರು. ಕನ್ನಡಿಯಲ್ಲಿ ಎರಡು ಕಣ್ಣು ಕಂಡವು. ಡಬ್ಬಿ ಒಳಗೆ ಹೋಯಿತು.

ಕುಟ್ನಾ ಹೋರಾದಲ್ಲಿ ನಾನು ಎಡವಿದೆ. ಅಲ್ಲಿ ಸೆಡ್ಲೆಟ್ಸ್ ಅನ್ನೋ ಭಾಗದಲ್ಲಿ ಮನುಷ್ಯರ ಎಲುಬಿನಿಂದ ಅಲಂಕಾರ ಮಾಡಿದ ಗುಡಿ ಇದೆ. ನಲವತ್ತು ಸಾವಿರ ಜನರದ್ದಾದರೂ ಇರಬಹುದು ಅಂತ ಅಂದಾಜು. ಯುರೋಪ್ ಸುತ್ತೋ ನಮ್ಮವರೆಲ್ಲ ನೋಡ್ತಾರೆ, ನಾನೂ ಪಟ್ಟಿಗೆ ಸೇರಿಸಿದ್ದೆ. ಟಿಕೆಟ್ ಬಾಗಿಲಲ್ಲಿ ಕೊಡಲ್ಲ, ಸ್ವಲ್ಪ ದೂರದ ಮಾಹಿತಿ ಕೇಂದ್ರದಲ್ಲಿ ತಗೋಬೇಕು. ಏಳು ಟಿಕೆಟ್ ತಂದು ಹಂಚಿದ ಮೇಲೆ ಅಮ್ಮನಿಗೆ ಒಳಗೆ ಏನಿದೆ ಅಂತ ತಿಳಿಯಿತು. "ಹೆಣದ ಎಲುಬು ನೋಡಾಕ ರೊಕ್ಕ ಕೊಟ್ಟಿಯೇನೋ? ನೋಡಿ ಬಂದು ಸ್ನಾನ ಎಲ್ಲಿ ಮಾಡೋದು?" ಅತ್ತೆಯೂ ಅವಳ ಪಕ್ಷ. ಬೀಗಿತ್ತಿಯರು ಇಬ್ಬರೂ ಒಂದಾದದ್ದು ಆ ಪ್ರವಾಸದಲ್ಲಿ ಅದೇ ಮೊದಲು. ಅವರು ಹೊರಗೆ ಬೆಂಚಿನ ಮೇಲೆ, ಅವರ ಜೊತೆ ನನ್ನ ಹೆಂಡತಿ. ಮೂರು ಟಿಕೆಟ್ ದಂಡ. ಒಳಗೆ ಫೋಟೋ ತೆಗೆಯೋ ಹಾಗೂ ಇಲ್ಲ. ಹಿರಿಯರನ್ನು ಕರೆದುಕೊಂಡು ಹೋಗೋರು ಮೊದಲೇ ಕೇಳಿಬಿಡಿ.

ಸೇಂಟ್ ಬಾರ್ಬರಾ ಚರ್ಚಿನಲ್ಲಿ ಮಾತ್ರ ಬೇರೆಯೇ ಆಯಿತು. ಕುಟ್ನಾ ಹೋರಾ ಬೆಳ್ಳಿ ಗಣಿಯ ಊರು. ಪ್ರೇಗ್ ಗ್ರೋಶನ್ ಅನ್ನೋ ಬೆಳ್ಳಿ ನಾಣ್ಯ 1300ರಿಂದ ಇಲ್ಲೇ ಅಚ್ಚಾಗ್ತಿತ್ತು. ಬಾರ್ಬರಾ ಅಂದರೆ ಗಣಿಯವರನ್ನು ಕಾಪಾಡೋ ಕ್ರೈಸ್ತ ಸಂತ ಮಹಿಳೆ. 1388ರಲ್ಲಿ ಶುರುವಾದ ಚರ್ಚು ಮುಗಿದದ್ದು 1905ರಲ್ಲಿ. ಒಳಗೆ ಒಂದು ಕಡೆ ಬಿಳಿ ನಿಲುವಂಗಿ ತೊಟ್ಟ ಗಣಿ ಕೆಲಸಗಾರನ ಮೂರ್ತಿ ಇದೆ. ನನ್ನ ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಮೂವತ್ತಮೂರು ವರ್ಷ ಇಳಿದು ಹತ್ತಿದವರು. ಮೂರ್ತಿ ಮುಂದೆ ನಿಂತುಬಿಟ್ಟರು. ಹಿಂದೆ ಕೈ ಕಟ್ಟಿಕೊಂಡು ಮೇಲಿಂದ ಕೆಳಗೆ ನೋಡಿದರು. "ಇವಗ ಹೆಲ್ಮೆಟ್ ಎಲ್ಲಿ ಅದ?" ಅಂದರು. ಬಿಳಿ ಬಟ್ಟೆ ಯಾಕೆ ಅಂತ ಮಗಳು ಕೇಳಿದಳು. ಕತ್ತಲಲ್ಲಿ ಬಿದ್ದರೆ ಹುಡುಕೋಕೆ ಸಿಗಲಿ ಅಂತ, ಅಂದರು ಅಪ್ಪ. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಆಮೇಲೆ ಮಾವನಿಗೆ, ಮಗಳಿಗೆ, ಪಕ್ಕ ನಿಂತಿದ್ದ ಯಾರೋ ಜರ್ಮನ್ ದಂಪತಿಗೂ ಸೇರಿಸಿ ಕನ್ನಡದಲ್ಲೇ ಗಣಿ ಪಾಠ ಶುರುವಾಯಿತು. ಹಳೇ ಗಣಿಯೊಳಗೆ ಕರೆದುಕೊಂಡು ಹೋಗೋ ಮ್ಯೂಸಿಯಂ ಅಲ್ಲೇ ಹತ್ತಿರ ಇದೆ, ಬಿಳಿ ಕೋಟು, ಹೆಲ್ಮೆಟ್ ಕೊಟ್ಟು ಇಳಿಸ್ತಾರೆ ಅಂತ ಆಮೇಲೆ ಗೊತ್ತಾಯಿತು. ಎಲುಬಿನ ಗುಡಿ ಬಿಟ್ಟು ಅದನ್ನು ಹಾಕಿದ್ದರೆ ಎಷ್ಟು ಚೆನ್ನಾಗಿರ್ತಿತ್ತು. ಅಪ್ಪ ಇವತ್ತಿಗೂ ನನಗೆ ಅದನ್ನು ಹೇಳ್ತಾರೆ.

ಒಂದು ಗಂಟೆ ಅಂತ ಬರೆಸಿದ್ದ ನಿಲುಗಡೆ ಎರಡು ಗಂಟೆ ಹತ್ತಿರ ಆಯಿತು. ನಾನು ಗಡಿಯಾರ ನೋಡ್ತಾ ಚಡಪಡಿಸ್ತಿದ್ದೆ. ಮಾವ ಆರಾಮಾಗಿ ಹೇಳಿದರು. "ಗಾಡಿ ನಮ್ದ ಐತಿ, ಬೀಗ್ರು ನೋಡ್ಲಿ ಬಿಡ್ರಿ, ಅವಸರ ಯಾಕ?" ದುಡ್ಡು ಕೊಡೋನಿಗೆ ಅವಸರ ಇರುತ್ತೆ ಅಂತ ಅವರಿಗೆ ಹೇಗೆ ಹೇಳೋದು.

ಯಿಹ್ಲಾವಾ ದಾಟುವಾಗ ಡ್ರೈವರ್ ತಾವಾಗಿ ಒಂದು ಮಾತಾಡಿದರು. ಸಂಗೀತಗಾರ ಗುಸ್ತಾವ್ ಮಾಹ್ಲರ್ ಬೆಳೆದದ್ದು ಈ ಊರಲ್ಲಿ, ಆಮೇಲೆ ವಿಯೆನ್ನಾ ಒಪೇರಾದ ಮುಖ್ಯಸ್ಥ ಆದರು ಅಂತ. ಧಾರವಾಡದ ಮಾವ ಅದನ್ನು ಹಿಡಿದುಕೊಂಡು ಟೆಲ್ಚ್ ಬರೋವರೆಗೆ ಘರಾಣೆಗಳ ಬಗ್ಗೆ ಮಾತಾಡಿದರು. ಮೊದಲ ಸಾಲಿನಲ್ಲಿ ಅಪ್ಪ, ಅವರ ಹಿಂದೆ ಮಾವ. ಕುತ್ತಿಗೆ ತಿರುಗಿಸಿ ತಿರುಗಿಸಿ ಮಾತಾಡಿ ಸಂಜೆಗೆ ಅಪ್ಪನಿಗೆ ಕತ್ತು ನೋವು. ಎದುರುಬದುರು ಸೀಟೇ ಚೆನ್ನಾಗಿರ್ತಿತ್ತು ಅಂತ ಇಬ್ಬರ ದೂರು. ಅಮ್ಮನಿಗೆ ಮಾತ್ರ ವಾಂತಿ ಆಗಲಿಲ್ಲ. ಎಲ್ಲರನ್ನೂ ಮೆಚ್ಚಿಸೋಕೆ ಆಗಲ್ಲ.

ಟೆಲ್ಚ್ ತಲುಪಿದಾಗ ಒಂದೂಕಾಲು. ಸಣ್ಣ ಊರು, ಸುತ್ತ ಕೆರೆ. ನಡುವೆ ಉದ್ದನೆಯ ಚೌಕ, ಎರಡೂ ಕಡೆ ಬಣ್ಣಬಣ್ಣದ ಮುಖದ ಮನೆಗಳು, ಕೆಳಗೆ ಕಮಾನಿನ ಜಗಲಿ. 1530ರಲ್ಲಿ ಊರಿಗೆ ಬೆಂಕಿ ಬಿದ್ದ ಮೇಲೆ ಹೀಗೆ ಕಟ್ಟಿದ್ದಂತೆ. 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. "ರಥಬೀದಿ ಇದ್ದಂಗ ಅದ, ತೇರು ಒಂದಿಲ್ಲ" ಅಂದಳು ಅಮ್ಮ. ರೈಲಿನಲ್ಲಿ ಹೋಗೋರಿಗೆ ಈ ಊರು ದಾರಿಯಲ್ಲಿ ಸಿಗೋದೇ ಇಲ್ಲ, ಪಕ್ಕದ ಸಣ್ಣ ಲೈನು ಹಿಡಿಯಬೇಕು. ಚೌಕದ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆವು. ಚಿತ್ರಾನ್ನ, ಮೊಸರು, ಉಪ್ಪಿನಕಾಯಿ. ಡ್ರೈವರ್‌ನ ಕರೆದರೆ ಬರಲಿಲ್ಲ. ಗಾಡಿ ಪಕ್ಕ ನಿಂತು ತಾವೇ ತಂದ ಬ್ರೆಡ್ಡು ತಿಂತಿದ್ದರು. ಡ್ರೈವರ್ ಊಟ ಮಾಡದೆ ನಾವು ಹೇಗೆ ತಿನ್ನೋದು ಅಂತ ಅತ್ತೆಗೆ ಸಮಾಧಾನ ಇಲ್ಲ. ಪೇಪರ್ ತಟ್ಟೆಯಲ್ಲಿ ಚಿತ್ರಾನ್ನ, ಎರಡು ಚಕ್ಕುಲಿ ಹಾಕಿ ಮಗಳ ಕೈಯಲ್ಲಿ ಕಳಿಸಿದರು. ಚಕ್ಕುಲಿ ಖಾಲಿಯಾಗಿತ್ತು, ಚಿತ್ರಾನ್ನ ಅರ್ಧ ವಾಪಸ್ ಬಂತು. ಹಸಿಮೆಣಸಿನಕಾಯಿ ಪಕ್ಕಕ್ಕೆ ಸಾಲಾಗಿ ಜೋಡಿಸಿಟ್ಟಿದ್ದರು.

ಇಲ್ಲೊಂದು ವಿಷಯ. ದೊಡ್ಡ ಬಸ್ಸಿನ ಡ್ರೈವರ್‌ಗಳಿಗೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ವಿಶ್ರಾಂತಿ ಅಲ್ಲಿ ಕಾನೂನು. ಡ್ರೈವರ್ ಸೇರಿ ಒಂಬತ್ತು ಜನರೊಳಗಿನ ವ್ಯಾನಿಗೆ ಆ ಯುರೋಪಿಯನ್ ನಿಯಮ ಅನ್ವಯಿಸಲ್ಲ. ಹಾಗಾಗಿ ಬೆಳಿಗ್ಗೆ ಐದಕ್ಕೆ ಇನ್ನೊಬ್ಬರನ್ನು ಏರ್‌ಪೋರ್ಟಿಗೆ ಬಿಟ್ಟು ನಿಮ್ಮ ಹತ್ತಿರ ಬಂದಿರಲೂಬಹುದು. ಅಮ್ಮನಿಗೆ ವಾಂತಿ ಮಾಡಿಸಿದ ಆ 2023ರ ಗಾಡಿಯವನು ಎರಡು ಸಲ ಆಕಳಿಸಿದ್ದನ್ನು ನಾನು ಮರೆತಿಲ್ಲ. ಈ ಸಲ "ಅವತ್ತಿನ ಮೊದಲ ಕೆಲಸ ನಮ್ಮದೇ ಆಗಿರಬೇಕು" ಅಂತ ಬರೆಸಿಕೊಂಡೆ.

ಝ್ನೋಯ್ಮೊ ಸೌತೆಕಾಯಿ ಉಪ್ಪಿನಕಾಯಿಗೆ ಹೆಸರಾದ ಊರು. ಬಂಕ್‌ನ ಅಂಗಡಿಯಲ್ಲೇ ಒಂದು ಜಾಡಿ ಸಿಕ್ಕಿತು. ಅಮ್ಮ ರುಚಿ ನೋಡಿ, ಸಕ್ಕರೆ ಹಾಕಿದ್ದಾರೆ ಅಂತ ಮುಖ ಸಿಂಡರಿಸಿದಳು. ಗಡಿಯಲ್ಲಿ ಸಾಲು ಕ್ಯಾಸಿನೊ. ಅವತ್ತು ಯಾರೂ ನಿಲ್ಲಿಸಲಿಲ್ಲ. ಆದರೂ ಏಳೂ ಪಾಸ್‌ಪೋರ್ಟ್ ನನ್ನ ಸೊಂಟದ ಚೀಲದಲ್ಲಿತ್ತು. ಷೆಂಗೆನ್ (ಗಡಿ ತಪಾಸಣೆ ಇಲ್ಲದ ದೇಶಗಳ ಒಪ್ಪಂದ) ಆದರೂ ಆಗಾಗ ಪೊಲೀಸರು ತಡೆದು ನೋಡೋದುಂಟು, ಆಗ ಡಿಕ್ಕಿಯ ತಳದ ಬ್ಯಾಗು ತೆಗೆಯೋ ಕಷ್ಟ ಯಾಕೆ. ಆಮೇಲೆ ದ್ರಾಕ್ಷಿ ತೋಟ, ಸ್ಟೊಕೆರೌ, ಡ್ಯಾನ್ಯೂಬ್ ನದಿ ದಂಡೆಯ ಎ22 ಹೆದ್ದಾರಿ. ವಿಯೆನ್ನಾ ಒಳಗೆ ಸ್ವಲ್ಪ ಟ್ರಾಫಿಕ್. ಐದೂವರೆಗೆ ಬಾಗಿಲ ಮುಂದೆ ಇಳಿದೆವು.

ಈಗ ದುಡ್ಡು. ನೆನಪಿನಿಂದ ಹೇಳ್ತಿದ್ದೀನಿ, ಹತ್ತು–ಇಪ್ಪತ್ತು ಆಚೀಚೆ ಇರಬಹುದು. ಒಪ್ಪಿಕೊಂಡ ರೇಟು 430 ಯೂರೋ, ಎರಡು ಊರಲ್ಲಿ ಒಂದೊಂದು ಗಂಟೆ ಸೇರಿ. ಐದನೇ ಒಂದು ಭಾಗ ಮೊದಲೇ ಕಾರ್ಡಿನಲ್ಲಿ, ಉಳಿದದ್ದು ಕೈಗೆ. ಜಾಸ್ತಿ ನಿಂತಿದ್ದಕ್ಕೆ 40, ಟಿಪ್ಸ್ 20. ಒಟ್ಟು 490. ಆಗ ಯೂರೋ 96 ರೂಪಾಯಿ ಹತ್ತಿರ, ಅಂದರೆ 47 ಸಾವಿರ. ತಲೆಗೆ 6,700. ಅದೇ ಟ್ರೈನಿನಲ್ಲಿ ಮುಂಚೆಯೇ ತಗೊಂಡರೆ ಟಿಕೆಟ್ 160, ಸೀಟು ಕಾದಿರಿಸೋಕೆ 20, ಎರಡೂ ಊರಲ್ಲಿ ಎರಡೆರಡು ಟ್ಯಾಕ್ಸಿಗೆ 70. ಒಟ್ಟು 250. ಮೇಲ್ನೋಟಕ್ಕೆ ಭಾವಮೈದ ಗೆದ್ದ. ಆದರೆ ಕುಟ್ನಾ ಹೋರಾಕ್ಕೆ ಅಂತಲೇ ಪ್ರೇಗ್‌ನಲ್ಲಿ ಒಂದು ದಿನ ಬೇರೆ ಇಟ್ಟಿದ್ದೆವು, ಅದನ್ನು ತೆಗೆದುಹಾಕಿದೆ. ಒಂದು ರಾತ್ರಿ ಬಾಡಿಗೆ 150, ಏಳು ಜನರ ಹೋಗಿಬರೋ ಖರ್ಚು 80ರ ಮೇಲೆ, ಎರಡೂ ಉಳಿಯಿತು. ಟ್ರೈನಿನ 250ಕ್ಕೆ ಇದನ್ನು ಕೂಡಿಸಿ ನೋಡಿ. ಇಬ್ಬರೇ ಆಗಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತೆ, ಸುಮ್ನೆ ಟ್ರೈನ್ ಹಿಡಿಯಿರಿ. ನಾಲ್ವರಿಗೆ ಅನುಮಾನ. ಆರರ ಮೇಲಾದರೆ ಕಣ್ಣು ಮುಚ್ಚಿ ವ್ಯಾನ್.

ಕೈಗೆ ಕೊಡೋ ದುಡ್ಡು ಯೂರೋದಲ್ಲೇ ಇಟ್ಟುಕೊಳ್ಳಿ. ಕೊರುನಾದಲ್ಲಿ ಕೊಟ್ಟರೆ ಅವರು ಹೇಳಿದ್ದೇ ರೇಟು. ಎಟಿಎಂನಲ್ಲಿ "ರೂಪಾಯಿಗೆ ಪರಿವರ್ತಿಸಲಾ?" ಅಂತ ಕೇಳಿದರೆ ಬೇಡ ಅನ್ನಿ, ಅವರು ಹಾಕೋ ರೇಟಿನಲ್ಲಿ ನಷ್ಟ ನಮಗೇ.

520 ಅಂದಿದ್ದ ಅದೇ ಮನುಷ್ಯನ ಹತ್ತಿರ 430ಕ್ಕೆ ಹೇಗೆ ಇಳಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ಮಾಡಿದರೆ ನನಗೆ ಮುಂದಿನ ಸಲ ಸಿಗಲ್ಲ. ವಾರದ ಯಾವ ದಿನ ಹೊರಡ್ತೀರಿ ಅನ್ನೋದರಲ್ಲಿ ಅರ್ಧ ಗುಟ್ಟಿದೆ, ಅವರ ಗಾಡಿ ಯಾವಾಗ ಖಾಲಿ ಓಡುತ್ತೆ ಅನ್ನೋದರಲ್ಲಿ ಇನ್ನರ್ಧ. ಡ್ರೈವರ್ ನಂಬರೂ ಕೊಡಲ್ಲ. ಬೇಜಾರು ಮಾಡ್ಕೋಬೇಡಿ.

ಮುಂದಿನ ವರ್ಷ ಸಾಲ್ಜ್‌ಬರ್ಗ್‌ನಿಂದ ಚೆಸ್ಕಿ ಕ್ರುಮ್ಲೋವ್ ಮೇಲೆ ಪ್ರೇಗ್‌ಗೆ ಇದೇ ಥರ ಹೋಗೋ ಯೋಚನೆ ಇದೆ. ಆಸ್ಟ್ರಿಯಾ ಕಡೆಯಿಂದ ಹೊರಟರೆ ರೇಟು ಜಾಸ್ತಿ ಹೇಳ್ತಿದ್ದಾರೆ, ಪ್ರೇಗ್ ಗಾಡಿಯನ್ನೇ ಅಲ್ಲಿಗೆ ಕರೆಸಿದರೆ ಎಷ್ಟಾಗುತ್ತೆ ಅಂತ ಕೇಳಿದ್ದೀನಿ. ಉತ್ತರ ಬಂದಿಲ್ಲ.

ಮೊನ್ನೆ ಸ್ಟುಟ್‌ಗಾರ್ಟ್‌ನಿಂದ ಮೆಸೇಜು. ಭಾವಮೈದನ ಮಾವ–ಅತ್ತೆ ಬೇಸಿಗೆಗೆ ಬರ್ತಿದ್ದಾರಂತೆ, ಐದು ಜನ, ಒಂದು ವಾಕರ್. "ಭಾವಾ, ಆ ಗಾಡಿಯವರ ನಂಬರ್ ಕಳಸ್ರಿ" ಅಂತ. ಮೊದಲು ಬ್ಯಾಗಿನ ಅಳತೆ ಕಳಿಸು, ಸೆಂಟಿಮೀಟರಿನಲ್ಲಿ, ಅಂತ ಬರೆದೆ. ಇನ್ನೂ ಕಳಿಸಿಲ್ಲ.